ಕಡೆಗೆ ಬರಬೇಕಾದ ಮತ

ಸುದ್ದಿ ಬಂದಾಗ ನಾನು ಒಲೆ ಸಾರಿಸುತ್ತಿದ್ದೆ. ಮಧ್ಯಾಹ್ನದ ಊಟ ಮುಗಿದು, ಒಲೆ ಆರಿ, ಬೂದಿ ತೆಗೆದು, ಸಗಣಿಗೆ ಕೆಮ್ಮಣ್ಣು ಕಲಸಿಕೊಂಡು ಒಂದು ಮಗ್ಗುಲು ಮುಗಿಸಿದ್ದೆ. ಬಾಜೂ ಮನೆಯವಳು ಹಿತ್ತಲ ಬಾಗಿಲಲ್ಲಿ ನಿಂತು, "ನಮ್ಮ ಓಣಿಯಾಂವ ಮುನಸಿಪಾಲ್ಟಿಗೆ ಆರಿಸಿ ಬಂದಾನಂತ. ವಾದ್ಯ ಹಚಗೊಂಡು ಈ ಕಡೇನ ಹೊಂಟಾರ" ಎಂದಳು.

ದೇವರ ಮನೆಯಲ್ಲಿ ನಮ್ಮ ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಅವರಿಗೂ ಕೇಳಿಸಿತು. ಅವರ ಕೈ ನಿಲ್ಲಲಿಲ್ಲ. ನನ್ನ ಕೈ ನಿಂತಿತು.

ಇಸವಿ ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಬೆಳಗಾವಿಯ ನಮ್ಮ ಮನೆಯನ್ನು ಮಾವನವರು ತೀರಿಹೋಗುವ ಮೊದಲೇ ಅತ್ತೆಯ ಹೆಸರಿಗೆ ಮಾಡಿದ್ದರು. ಆಗ ಮನೆ ತೆರಿಗೆ ಕಟ್ಟುವವರಿಗಷ್ಟೇ ಮತ. ಹೀಗಾಗಿ ನಮ್ಮ ಮನೆಯಲ್ಲಿ ಮತವಿದ್ದದ್ದು ಅತ್ತೆಯೊಬ್ಬರಿಗೇ. ಕಚೇರಿಗೆ ಹೋಗುವ ಅವರ ಮಗನಿಗೂ ಇರಲಿಲ್ಲ.

ಚುನಾವಣೆಗೆ ನಿಂತವನು ಓಣಿಯ ಕೊನೆಯ ಮನೆಯ ಜವಳಿ ವ್ಯಾಪಾರಿ. ಬೆಳಿಗ್ಗೆ ಅಂಗಡಿಗೆ ಹೊರಟಾಗ ಕೆಂಪು ಸೀರೆಯ, ಬೋಳು ತಲೆಯ ಅತ್ತೆ ಎದುರಾದರೆ ತಿರುಗಿ ಮನೆಗೆ ಹೋಗಿ, ನೀರು ಕುಡಿದು, ಒಂದು ಗಳಿಗೆ ಕೂತು, ಮತ್ತೆ ಹೊರಡುತ್ತಿದ್ದ. ಅದು ತಪ್ಪೆಂದು ಅತ್ತೆಯೂ ಅಂದವರಲ್ಲ, ನಾನೂ ಅಂದವಳಲ್ಲ. ಅವನು ಹೊರಡುವ ಹೊತ್ತಿಗೆ ಹೊಸ್ತಿಲು ದಾಟದಂತೆ ಅತ್ತೆಯೇ ನೋಡಿಕೊಳ್ಳುತ್ತಿದ್ದರು.

ಅಂಥವನು ಒಂದು ದಿನ ತಾನಾಗಿ ನಮ್ಮ ಪಡಸಾಲೆಗೆ ಬಂದು ಅವರಿಗೆ ಅಡ್ಡಬಿದ್ದ.

"ಇವತ್ತ ನನ್ನ ಮಾರಿ ನೋಡಿದ್ರ ನಡೀತದೇನಪಾ?" ಎಂದರು ಅತ್ತೆ.

ಅವನು ನಕ್ಕ. "ಮತಕ್ಕ ಮಾರಿ ಇರೂದಿಲ್ರಿ ಕಾಕು."

ಅತ್ತೆಯ ಅಕ್ಕ ಖಾನಾಪುರದಲ್ಲಿ ಹಾಸಿಗೆ ಹಿಡಿದಿದ್ದರು. ತಂಗಿಯ ಹತ್ತಿರ ಎರಡು ಮಾತಾಡಬೇಕು, ಬೇಗ ಬಾ ಎಂದು ಹೇಳಿ ಕಳಿಸಿದ್ದರು. ಚುನಾವಣೆಯ ದಿನ ಬೆಳಗಿನ ರೈಲಿಗೇ ಹೋಗುವುದೆಂದು ಅತ್ತೆ ಗಂಟು ಕಟ್ಟಿಟ್ಟಿದ್ದರು. ಅದನ್ನು ಕೇಳಿ ಅವನು, "ಒಂದ ದಿನ ತಡೀರಿ ಕಾಕು. ಖಾನಾಪುರ ಎಲ್ಲಿ ಓಡಿ ಹೋಗ್ತದ? ಬಾಗಲಿಗೆ ಟಾಂಗಾ ಕಳಸ್ತೀನಿ" ಎಂದ.

"ಮತ ಹೋದ್ರ ಹೋಗ್ಲಿ, ನೀ ಮೊದಲ ಮಾವಶಿನ್ನ ನೋಡಿ ಬಾ" ಎಂದು ನಮ್ಮವರು ಅಂದರು. ಆಮೇಲೆ ಅತ್ತೆ ನನ್ನೊಬ್ಬಳ ಮುಂದೆ ಹೇಳಿದರು: "ಅವರು ಹೋದ ಮ್ಯಾಲ ನನ್ನ ಹೆಸರು ಹಿಡದು ಯಾರೂ ಕರದಿಲ್ಲ ನೋಡವಾ. ಕಾಕು ಅಂತಾರ, ಅಜ್ಜಿ ಅಂತಾರ. ಆ ಮತದ ಯಾದಿಯೊಳಗ ಹೆಸರು ಬರದಾರಂತ. ಒಮ್ಮೆ ಓದಿ ಕರೀಲಿ, ಕೇಳಿ ಬರ್ತೀನಿ."

ಗಂಟು ಬಿಚ್ಚಿದರು.

ಚುನಾವಣೆಯ ದಿನ ಬೆಳಗಾಗುತ್ತಲೇ ವ್ಯಾಪಾರಿಯ ಭಾವಮೈದುನ ಟಾಂಗಾ ತಂದ. ಅತ್ತೆ ಆಗಲೇ ಸೆರಗು ಹೊದ್ದು ನಿಂತಿದ್ದರು. ಅವನು ಗಾಡಿಯಿಂದ ಇಳಿಯಲೂ ಇಲ್ಲ. "ಕಾಕು, ನೀವು ಕಡೀಕ ಬರ್ರಿ. ಮೊದಲ ಮುತ್ತೈದೇರು ಹೋಗಿ ಬರ್ಲಿ. ತಪ್ಪು ತಿಳಕೋಬ್ಯಾಡ್ರಿ" ಎಂದ.

"ಖರೇನ ಅದ. ಶುಭಕಾರ್ಯ" ಎಂದರು ಅತ್ತೆ. ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಟಾಂಗಾ ನಮ್ಮ ಬಾಗಿಲ ಮುಂದೆಯೇ ಹೋಯಿತು, ಬಂದಿತು, ಹೋಯಿತು. ಗೆಜ್ಜೆಯ ಸದ್ದು ಕೇಳಿದಾಗಲೆಲ್ಲ ಅತ್ತೆ ಎದ್ದು ನಿಲ್ಲುವರು, ಮತ್ತೆ ಕೂಡುವರು. ಹೊರಗೆ ಹೋಗಿ ಬಂದರೆ ಮತ್ತೆ ಸ್ನಾನವಾಗಬೇಕು, ಆಮೇಲೆಯೇ ಊಟ ಎಂದು ಮಧ್ಯಾಹ್ನ ಎಲೆಯ ಮುಂದೆ ಕೂಡಲಿಲ್ಲ. ಅವರದು ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮೊದಲು.

ಬಿಸಿಲು ಇಳಿಯತೊಡಗಿದಾಗ ನಾನೇ, "ನಡೀರಿ ಅತ್ತಿ, ನಡಕೋತ ಹೋಗೋಣು" ಎಂದೆ. ಮತ ಹಾಕುವ ಸಾಲೆ ಪೇಟೆಯ ಆ ತುದಿಗಿತ್ತು. ಅವರ ಮೊಣಕಾಲು ನೋಯುತ್ತಿದ್ದವು. ಅರ್ಧ ದಾರಿಯಲ್ಲಿ ಅದೇ ಟಾಂಗಾ ಎದುರಿಗೆ ಬಂತು. ಅದರಲ್ಲಿ ಭಾವಮೈದುನ ಒಬ್ಬನೇ ಕಾಲು ಚಾಚಿ ಕೂತಿದ್ದ.

"ಇನ್ನ ಯಾಕ ಬಂದ್ರಿ ಕಾಕು? ಎಲ್ಲಾ ಮುಗೀತಲ್ಲ. ನಮಗ ಬೇಕಾದಷ್ಟ ಬಿದ್ದಾವ, ಕಾಳಜಿ ಮಾಡಬ್ಯಾಡ್ರಿ."

ಅವನಿಗೆ ನಾವು ಅವರ ಗೆಲುವಿನ ಕಾಳಜಿಗೆ ಬಂದವರಂತೆ ಕಂಡಿದ್ದೆವು. ಅತ್ತೆ ನಿಲ್ಲದೆ ಸಾಲೆಯ ತನಕ ನಡೆದರು. ಬಾಗಿಲು ಹಾಕಿತ್ತು. ಸಿಪಾಯಿಯೊಬ್ಬ ಮಕ್ಕಳು ಕೂಡುವ ಬಾಕುಗಳನ್ನು ಜಗಲಿಗೆ ಎಳೆಯುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಒಂದು ಲೋಟ ಹಾಲು ಕುಡಿದು ಮಲಗಿದರು.

ಮರುದಿನ ಅವರನ್ನು ಖಾನಾಪುರಕ್ಕೆ ಕರೆದುಕೊಂಡು ಹೋದೆವು. ಹಿಂದಿನ ಸಂಜೆಯೇ ಅವರ ಅಕ್ಕನಿಗೆ ಮಾತು ಬಿದ್ದುಹೋಗಿತ್ತು. ಕಣ್ಣು ಬಿಟ್ಟು ನೋಡಿದರು, ತಂಗಿಯ ಕೈ ಹಿಡಿದರು, ಅಷ್ಟೇ. ಹೇಳಬೇಕೆಂದಿದ್ದ ಎರಡು ಮಾತು ಏನೆಂದು ಯಾರಿಗೂ ಗೊತ್ತಾಗಲಿಲ್ಲ. ದೀಪ ಹಚ್ಚುವಾಗ ಆ ದಿನ ಕಂಡ ಒಳ್ಳೆಯದನ್ನು ದೇವರ ಮುಂದೆ ಎಣಿಸುವುದು ನನ್ನ ರೂಢಿ. ಅಂದೂ ಎಣಿಸಿದೆ: ಉಸಿರಿತ್ತು, ಗುರುತು ಸಿಕ್ಕಿತು, ಕೈ ಬೆಚ್ಚಗಿತ್ತು. ಮಾತು ಯಾಕೆ ಹೋಯಿತೆಂದು ದೇವರನ್ನು ಕೇಳಲಿಲ್ಲ. ಒಂದು ದಿನ ತಡೀರಿ ಎಂದವನು ದೇವರಲ್ಲ.

ನಾವು ಖಾನಾಪುರದಿಂದ ಮರಳಿದ ಮೇಲೆ, ಈಗ ಅವನದೇ ವಾದ್ಯ ನಮ್ಮ ಬಾಗಿಲಿಗೆ ಬಂದಿತು. ಭಾವಮೈದುನ ಮುಂದಾಗಿ ಬಂದು ಒಳಗೆ ಇಣುಕಿದ. "ವೈನಿ, ಆರತಿ ತಗೊಂಡು ಬರ್ರಿ" ಎಂದವನು ದನಿ ತಗ್ಗಿಸಿ, "ಕಾಕು ಒಳಗ ಅದಾರಲ್ಲ? ಒಳಗ ಇರ್ಲಿ" ಎಂದ.

ನಾನು ಸಗಣಿಯ ಕೈಯಲ್ಲೇ ಬಾಗಿಲಿಗೆ ಹೋದೆ. ಕೊರಳ ತುಂಬ ಹೂವಿನ ಹಾರ ಹಾಕಿಕೊಂಡು ವ್ಯಾಪಾರಿ ಮೆಟ್ಟಿಲ ಕೆಳಗೆ ನಿಂತಿದ್ದ. ನನ್ನ ಕೈ ನೋಡಿ, "ತೊಳಕೊಂಡು ಬರ್ರಿ ವೈನಿ, ನಿಂದರ್ತೀವಿ" ಎಂದ.

"ಒಲಿ ಅರ್ಧ ಸಾರಿಸೀನಿ. ಅದಾದ ಮ್ಯಾಲ ಸಂಜೀ ಅಡಿಗಿ ಅದ. ಎಲ್ಲಾ ಮುಗಿಸಿ ಕಡೀಕ ಬರ್ತೀನಿ. ನಿಂದರ್ರಿ."

ಓಣಿಯವರೆಲ್ಲ ಕೇಳುವಂತೆ ಹೇಳಿದೆ. ಅವನ ನಗು ಹಾಗೆಯೇ ನಿಂತಿತು. ನಾನು ಒಳಗೆ ಬಂದೆ. ವಾದ್ಯದವರು ಸ್ವಲ್ಪ ಹೊತ್ತು ಬಾರಿಸಿ ಮುಂದೆ ಹೋದರು. ನನ್ನ ಸಿಟ್ಟು ಇಳಿದಿರಲಿಲ್ಲ.

ದೇವರ ಮನೆಯಿಂದ ಅತ್ತೆ, "ಬಾಗಲಿಗೆ ಬಂದಾವರಿಗೆ ಹಂಗಂತಾರೇನ?" ಎಂದರು. ನಾನು ಮತ್ತೆ ಒಲೆಯ ಮುಂದೆ ಕೂತೆ. ಆಮೇಲೆ ಅವರೇ ಅಂದರು: "ಸಗಣಿ ಒಣಗಲಿಕ್ಕೆ ಹತ್ತಿರಬೇಕು. ನೀರು ಹಾಕ್ಕೋ."

ನೀರು ಹಾಕಿಕೊಂಡು ಒಲೆಯ ಇನ್ನೊಂದು ಮಗ್ಗುಲನ್ನು ಸಾರಿಸಿದೆ. ಅದು ಆರಿದ ಮೇಲೆ ರಂಗೋಲಿಯ ಎಳೆ ಎಳೆದು, ಕೈ ತೊಳೆದು, ಹೊತ್ತು ಮುಳುಗುವ ಮೊದಲು ಅತ್ತೆಯ ಫಲಾಹಾರಕ್ಕೆ ಅವಲಕ್ಕಿ ತೋಯಿಸಲು ಕೂತೆ.