ಮೂರನೇ ಜ್ವರದ ಊರಿನಲ್ಲಿ

"ಒಸಿ ಮೆತ್ತಗೆ ಮಾತಾಡಿ ಸಾರ್. ಎಲ್ಲಾ ಜ್ವರಕ್ಕೆ ಕೂತವೆ."

ನಾನು ಧಾರವಾಡ ಬಿಟ್ಟು ಈ ಸೀಮೆಗೆ ಬಂದ ನಾಲ್ಕನೇ ದಿನ, ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಿಂದಾಚೆಗಿನ ಒಂದು ಹಳ್ಳಿಯಲ್ಲಿ, ಪುಟ್ಟಲಕ್ಷ್ಮಮ್ಮ ಎಂಬ ರೈತ ಮಹಿಳೆ ಬಾಗಿಲಿಗೆ ಅಡ್ಡ ನಿಂತು ಹೇಳಿದ ಮಾತು ಇದು. ಜ್ವರ ಬಂದು ಮಲಗಿದವರನ್ನು ನಾನು ಕಂಡಿದ್ದೆ. ಜ್ವರಕ್ಕೆ ಕೂರುವ ಸಾಹಸವನ್ನು ನಮ್ಮ ಕಡೆ ಯಾರೂ ಮಾಡಿದ್ದಿಲ್ಲ.

"ಊಟ ಮಾಡ್ತಿದಾವೇನ್ರಿ?" ಎಂದೆ.

"ನೆನ್ನೆಯಿಂದ ಏನೂ ಮುಟ್ಟಿಲ್ಲ. ತಲೆ ಎತ್ಕೊಂಡು ಅಂಗೇ ಅವೆ."

"ಔಷಧ?"

"ಸುಣ್ಣ ಉದುರ್ಸಿವ್ನಿ. ಇದು ಮೂರ್ನೇ ಜ್ವರ. ನಾಕ್ನೇದೂ ಎದ್ಬುಟ್ರೆ ನಾವು ಗೆದ್ದಂಗೆ."

"ಒಂದು ಸಲ ಒಳಗೆ ನೋಡಬಹುದೇನ್ರಿ?"

"ಅಯ್ಯೋ ಬ್ಯಾಡಿ! ಹೊರಗ್ನೋರು ಬಂದ್ರೆ ಸೋಂಕಾಯ್ತದೆ."

ಪಕ್ಕದ ಮನೆಯಲ್ಲೂ ಮೂರನೇ ಜ್ವರ. ಅದರ ಪಕ್ಕದಲ್ಲೂ ಅದೇ. ಮಕ್ಕಳನ್ನು 'ಮಲಗ್ಯಾವ, ಎದ್ದಾವ' ಎಂದು ನಪುಂಸಕ ಲಿಂಗದಲ್ಲಿ ಕರೆಯುವುದು ನಮ್ಮ ಕಡೆಯ ವಾತ್ಸಲ್ಯ. ಇಲ್ಲಿಯವರಿಗೂ ಆ ವಾತ್ಸಲ್ಯವಿದೆ ಎಂದು ನನ್ನ ಹೃದಯ ತುಂಬಿ ಬಂತು. ಊರಿನ ಅಷ್ಟೂ ಮಕ್ಕಳು ಜ್ವರದಲ್ಲಿವೆ, ತಾಯಂದಿರು ಅವುಗಳ ಮೇಲೆ ಸುಣ್ಣ ಉದುರಿಸುತ್ತಿದ್ದಾರೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ನನ್ನ ಉದ್ಯೋಗದ ಬಗ್ಗೆ ಇಲ್ಲಿ ಒಂದು ಮಾತು. ಕಂಪನಿಗಳು ತಮ್ಮ ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು ಕಾನೂನಿದೆ. ಇದಕ್ಕೆ ಸಿ.ಎಸ್.ಆರ್. ಎನ್ನುತ್ತಾರೆ. ಸಮಾಜ ಎಲ್ಲಿದೆ, ಅದಕ್ಕೆ ಏನು ಬೇಕು ಎಂಬುದು ಕಂಪನಿಗಳಿಗೆ ತಿಳಿಯದಿರುವುದರಿಂದ ನನ್ನಂಥ ಸಲಹೆಗಾರರು ಬೇಕಾಗುತ್ತಾರೆ. ಧಾರವಾಡದ ಸುತ್ತ ಇಪ್ಪತ್ತು ವರ್ಷ ಶಾಲೆಗಳಿಗೆ ಬೆಂಚು, ಊರುಗಳಿಗೆ ನೀರಿನ ಟ್ಯಾಂಕು ಶಿಫಾರಸು ಮಾಡಿ ತಜ್ಞನೆನಿಸಿಕೊಂಡಿದ್ದ ನನ್ನನ್ನು ಕಚೇರಿಯವರು ರಾಮನಗರಕ್ಕೆ ಎತ್ತಿ ಹಾಕಿದ್ದರು. ಇಲ್ಲಿ ನನಗೆ ಸಿಕ್ಕ ಬಿರುದು 'ಸರ್ವೆ ಸಾರು'. ಅದರಲ್ಲಿ ಸಾರು ಎಂದರೆ ನಾನು, ಊಟದ್ದಲ್ಲ ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಭಾಷೆಯ ತೊಂದರೆ ಬರಲಿಕ್ಕಿಲ್ಲ, ಅದೂ ಕನ್ನಡ ಇದೂ ಕನ್ನಡ ಎಂದು ನಂಬಿ ಬಂದಿದ್ದೆ. ನಮ್ಮ 'ಐತಿ' ಇಲ್ಲಿ 'ಐತೆ'. ಒಂದು ಗುಡಿಸನ್ನು ಕಳಚಿಟ್ಟು ಎತ್ವವನ್ನು ತೊಟ್ಟುಕೊಂಡರೆ ವಲಸೆ ಮುಗಿಯಿತು ಎಂದುಕೊಂಡೆ. 'ಒಸಿ' ಎಂದರೆ ಸ್ವಲ್ಪ. ಆದರೆ ಊಟಕ್ಕೆ ಕೂತವನಿಗೆ "ಒಸಿ ಮುದ್ದೆ ಹಾಕ್ತೀನಿ" ಎಂದರೆ ತಟ್ಟೆಗೆ ಬೀಳುವುದು ಕ್ರಿಕೆಟ್ ಚೆಂಡಿಗಿಂತ ದೊಡ್ಡದು. ಜೋಳದ ರೊಟ್ಟಿ ಅಗಿದು ಬೆಳೆದ ದವಡೆಗೆ ಇಲ್ಲಿ ಕೆಲಸವೇ ಇಲ್ಲ. ಮುದ್ದೆಯನ್ನು ನುಂಗಬೇಕು. ಮೊದಲ ವಾರ ನಾನು ಕದ್ದು ಅಗಿದೆ.

ಬಾಡಿಗೆ ಮನೆ ಸಿಕ್ಕಿದ್ದು ರಾಮನಗರದಲ್ಲಿ, ಅನ್ವರ್ ಸಾಹೇಬರ ಮಾಳಿಗೆಯಲ್ಲಿ. ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ಗೂಡು ಬೇಯುವ ವಾಸನೆ ಬೆಳಿಗ್ಗೆಯೇ ಮೆಟ್ಟಿಲು ಹತ್ತಿ ಬಂದು ನನ್ನ ಚಹಾದೊಳಗೆ ಇಳಿಯುತ್ತಿತ್ತು. ಭಾನುವಾರ ಮಾತನಾಡಲು ಯಾರೂ ಇಲ್ಲದೆ, ಊರಲ್ಲಿರುವ ನನ್ನ ಅಕ್ಕನಿಗೆ ಮೂರು ಸಲ ಫೋನು ಮಾಡುತ್ತಿದ್ದೆ. ಮೂರನೆಯದಕ್ಕೆ ಅವಳು "ಮತ್ತೇನೋ?" ಎನ್ನುತ್ತಿದ್ದಳು.

ವರದಿ ಬರೆದೆ. ಬದುಕಿನಲ್ಲೇ ಅಷ್ಟು ಉಜ್ವಲವಾದ ವರದಿಯನ್ನು ಬರೆದಿರಲಿಲ್ಲ. ಓದಿದ ಕಂಪನಿ ಮರುಗಿ, ಎರಡೇ ವಾರದಲ್ಲಿ ಡಾಕ್ಟರ ಸಮೇತ ಆಸ್ಪತ್ರೆ ವ್ಯಾನನ್ನು ಕಳಿಸಲು ನಿರ್ಧರಿಸಿತು. ಎಲ್ಲ ಸರಿಹೋದರೆ ವರ್ಷದ ಹಣವೆಲ್ಲ ಆ ವ್ಯಾನಿಗೇ. ವ್ಯಾನು ಬರುವ ದಿನ ಬೆಳಿಗ್ಗೆ, ತುಸು ಹೆಮ್ಮೆಯಿಂದ, ಸಂಗತಿಯನ್ನು ಅನ್ವರ್ ಸಾಹೇಬರಿಗೆ ಹೇಳಿದೆ.

ಅವರು ಚಹಾ ಲೋಟ ಕೆಳಗಿಟ್ಟರು. "ಸಾರ್, ಜ್ವರ ಮಕ್ಕಳಿಗಲ್ಲ. ಹುಳಕ್ಕೆ."

"ಯಾವ ಹುಳ?"

"ರೇಷ್ಮೆ ಹುಳ ಸಾರ್! ಚರ್ಮ ಬಿಡೋಕೆ ಮುಂಚೆ ತಿನ್ನೋದು ಬಿಟ್ಟು ಸುಮ್ನೆ ಕೂತ್ಕತದೆ. ಅದಕ್ಕೇ ಜ್ವರ ಅಂತಾರೆ. ನಾಲ್ಕು ಜ್ವರ ಎದ್ರೆ ಗೂಡು." ಆಮೇಲೆ ಅವರು ನಕ್ಕ ನಗುವಿಗೆ ಕೆಳಗೆ ನೂಲಿನ ಕೆಲಸ ನಿಂತುಹೋಯಿತು.

ಹಳ್ಳಿಯವರೆಗಿನ ಬಸ್ಸಿನಲ್ಲಿ ನನಗೆ ಎರಡು ದಾರಿ ಕಂಡವು: ತಪ್ಪನ್ನು ಮುಚ್ಚಿಡುವುದು, ಇಲ್ಲವೇ ಒಪ್ಪಿಕೊಳ್ಳುವುದು. ಯಾವ ಊರಿನಲ್ಲಾದರೂ ನಾಲ್ಕು ನೆಗಡಿ, ಎರಡು ಮೊಣಕಾಲು ನೋವು ಸಿಕ್ಕೇ ಸಿಗುತ್ತವೆ. ಅವನ್ನು ಸಾಲಾಗಿ ಕೂರಿಸಿದರೆ ನನ್ನ ಇಪ್ಪತ್ತು ವರ್ಷದ ಹೆಸರು ಉಳಿಯುತ್ತಿತ್ತು. ಆದರೆ ಟಿಪ್ಪಣಿ ಪುಸ್ತಕ ತೆರೆದಾಗ 'ಇತರೆ' ಎಂಬ ಕೊನೆಯ ಕಾಲಂನಲ್ಲಿ ನನ್ನದೇ ಅಕ್ಷರ ಕಂಡಿತು: 'ಪುಟ್ಟಲಕ್ಷ್ಮಮ್ಮ: ಚಾಕಿ ಮನೆ ಬೇಕು (ಏನೋ ಗೊತ್ತಾಗಲಿಲ್ಲ).' ಆ ಹೆಂಗಸು ಬೇಕಾದದ್ದನ್ನು ಮೊದಲ ದಿನವೇ ಹೇಳಿದ್ದರು. ಹಣ ವ್ಯಾನಿಗೆ ಹೋದರೆ ಅವರ ಚಾಕಿ ಮನೆ ನನ್ನ ಕಾಲಂನಲ್ಲೇ ಸಮಾಧಿಯಾಗುತ್ತಿತ್ತು.

ಅರಳಿಕಟ್ಟೆಯ ಮುಂದೆ ವ್ಯಾನು ನಿಂತಿತು. ಕಂಪನಿಯ ಮೇಡಂ ಇಳಿದರು, ಡಾಕ್ಟರು ಇಳಿದರು. "ಜ್ವರದ ಮಕ್ಕಳು ಎಲ್ಲಿ?" ಎಂದು ಡಾಕ್ಟರು ಕೇಳಿದರು.

"ಚಂದ್ರಿಕೆ ಮೇಲವೆ. ಗೂಡು ಕಟ್ತಾವೆ" ಎಂದರು ಪುಟ್ಟಲಕ್ಷ್ಮಮ್ಮ. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲು ಹತ್ತಿಸುವ ಬಿದಿರಿನ ತಟ್ಟಿ.

ನಾನು ಮುಂದೆ ಬಂದು ನಿಂತೆ. "ಮೇಡಂ, ತಪ್ಪು ಸಂಪೂರ್ಣವಾಗಿ ನನ್ನದು. ನಾನು ನಡೆಸಿದ್ದು ರೇಷ್ಮೆ ಹುಳುಗಳ ಆರೋಗ್ಯ ಸಮೀಕ್ಷೆ."

ಡಾಕ್ಟರು ಸ್ಟೆತೊಸ್ಕೋಪ್ ನೋಡಿಕೊಂಡರು. "ನಾಡಿ ಎಲ್ಲಿ ಹಿಡಿಯಲಿ?"

ಕಟ್ಟೆಯ ಮೇಲಿನ ಮುದುಕರೊಬ್ಬರು ಪಕ್ಕದವರ ತೊಡೆಗೆ ಹೊಡೆದರು. "ಏನ್ಲಾ ಕಾಲ ಬಂತು! ಹುಳಕ್ಕೆ ಡಾಕ್ಟ್ರು ಬಂದವ್ರೆ ಕಣ್ಲಾ!"

ಊರೇ ನಕ್ಕಿತು. ಮೇಡಂ ನಗಲಿಲ್ಲ, ವ್ಯಾನಿನ ಬಾಗಿಲಿಗೆ ಕೈ ಹಾಕಿದರು. ಆಗ ಪುಟ್ಟಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತರು. ಬಾಗಿಲಿಗೆ ಅಡ್ಡ ನಿಲ್ಲುವುದರಲ್ಲಿ ಅವರದು ಎತ್ತಿದ ಕೈ.

"ಅವ್ವಾ, ಸಾರು ಬರ್ದಿದ್ದು ಪೂರಾ ಸುಳ್ಳಲ್ಲ. ಮರಿಹುಳ ನಾವು ದೂರದಿಂದ ಬಿಸ್ಲಲ್ಲಿ ತತ್ತೀವಿ. ಬರೋ ಹೊತ್ಗೆ ಸೊರಗ್ಬುಡ್ತವೆ, ಜ್ವರ ಎದ್ದೇಳಕ್ಕೆ ತಾಕತ್ತೇ ಇರಕ್ಕಿಲ್ಲ. ಎದ್ದೇಳ್ನಿಲ್ಲ ಅಂದ್ರೆ ಒಂದು ಬೆಳೆ ಹೋಯ್ತು. ನಮ್ಗೆ ವ್ಯಾನ್ ಬ್ಯಾಡ. ಮರಿ ಸಾಕಕ್ಕೆ ಒಂದು ತಂಪು ಮನೆ ಮಾಡ್ಕೊಡಿ, ಅದೇ ಚಾಕಿ ಮನೆ. ಎಂಟು ಜನ ಹೆಂಗಸ್ರಿದೀವಿ, ನೋಡ್ಕತೀವಿ."

ಮೇಡಂ ನನ್ನ ಕಡೆ ತಿರುಗಿದರು. "ವರದಿ ಮತ್ತೆ ಬರೀರಿ. ಈ ಸಲ ರೋಗಿಗಳನ್ನ ಕಣ್ಣಾರೆ ನೋಡಿ."

ಹಾಗೆ ನನಗೆ ಒಳಗೆ ಪ್ರವೇಶ ಸಿಕ್ಕಿತು. ಔಷಧಿ ನೀರಿನಲ್ಲಿ ಕಾಲು ಅದ್ದಿಸಿ, ಕೈ ತೊಳೆಸಿ, ಪುಟ್ಟಲಕ್ಷ್ಮಮ್ಮ ನನ್ನನ್ನು ಪಕ್ಕದ ಮನೆಗೆ ಕರೆದೊಯ್ದರು. ಅಲ್ಲಿನ ಹುಳು ತಡವಾಗಿ ಎದ್ದು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಸಾವಿರಾರು ಪುಟ್ಟ ಬಾಯಿಗಳ ಸದ್ದು. ಧಾರವಾಡದ ನಮ್ಮ ಹಂಚಿನ ಮೇಲೆ ಜಿಟಿಜಿಟಿ ಮಳೆ ಹಿಡಿದ ಹಾಗೆಯೇ. ಕಣ್ಣು ಮುಚ್ಚಿದರೆ ಅಲ್ಲಿ, ತೆರೆದರೆ ಇಲ್ಲಿ. ಹೊರಗೆ ಬರಲು ಮನಸ್ಸೇ ಆಗಲಿಲ್ಲ.

ಈಗ ಚಾಕಿ ಮನೆ ಎದ್ದಿದೆ. ಗೋಡೆಗೆ ಬಿಳಿ ಸುಣ್ಣ, ಕಿಟಕಿಗೆ ಜಾಲರಿ, ಒಳಗೆ ತಂಪು. ಮೊದಲ ಕಂತಿನ ಮರಿ ಮೊನ್ನೆ ಮೊದಲ ಜ್ವರಕ್ಕೆ ಕೂತವು. ಹಬ್ಬಕ್ಕೆ ಊರಿಗೆ ಹೊರಡಬೇಕಿದ್ದ ನಾನು ಚೀಲ ಇಳಿಸಿ ಅಲ್ಲೇ ಉಳಿದೆ. ಅಕ್ಕನ ಫೋನು ಬಂತು.

"ಯಾಕೋ, ಹೊರಟಿಲ್ಲೇನು?"

"ಇಲ್ಲಕ್ಕ. ಮೊದಲ್ನೇ ಜ್ವರ ಐತೆ. ಎದ್ದ ಮ್ಯಾಲೆ ಬರ್ತೀನಿ."

"ಜ್ವರಾ? ಯಾರಿಗೋ? ಡಾಕ್ಟರ್ ಕಡೆ ತೋರ್ಸಿದಿ ಇಲ್ಲೋ?"

"ನಮ್ಮ ಮನ್ಯಾಗಿನವಕ್ಕ, ಅಕ್ಕ."

"ನಮ್ಮನಿ ಅಂದ್ರ ಯಾವುದೋ? ಮತ್ತ 'ಐತೆ' ಅಂದ್ರೇನೋ?"

ಉತ್ತರ ಹುಡುಕುತ್ತ ದನಿ ಏರಿಸಿದ್ದೆನೇನೋ, ಬಾಗಿಲಲ್ಲಿ ಪುಟ್ಟಲಕ್ಷ್ಮಮ್ಮ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು.

"ಒಸಿ ಮೆತ್ತಗೆ ಸಾರ್. ಕೂತವೆ."