ಅಜ್ಜಿ ಇಂಜಿನ್ ಹತ್ತಿದ ದಿನ

ಉಗಿಬಂಡಿಗಳು ನಿಂತು ಡೀಸೆಲ್ ಬಂದಿದ್ದರೂ ನಮ್ಮ ಹುಬ್ಬಳ್ಳಿಯ ಮನೆಗಳಲ್ಲಿ ಕಲ್ಲಿದ್ದಲಿನ ಮಾತು ಇನ್ನೂ ನಿಲ್ಲದಿದ್ದ ಕಾಲ ಅದು. ನಾನಾಗ ಐದನೆಯ ತರಗತಿ. ಆ ಚಳಿಗಾಲದಲ್ಲಿ ಹಳೆಯ ಉಗಿ ಇಂಜಿನ್ನೊಂದನ್ನು ದುರಸ್ತಿ ಮಾಡಿ, ಜನರಿಗೆ ತೋರಿಸಲೆಂದು ಎರಡು ದಿನ ಧಾರವಾಡದ ತನಕ ಓಡಿಸುತ್ತಾರೆಂಬ ಸುದ್ದಿ ಬಂತು.

ನಮ್ಮಜ್ಜ ಅಂಥ ಇಂಜಿನ್ನಿನ ಒಲೆಗೆ ಮೂವತ್ತು ವರ್ಷ ಕಲ್ಲಿದ್ದಲು ಹಾಕಿದವರು. ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮಸಿ ಬಟ್ಟೆ ಒಗೆದವಳು, ಬುತ್ತಿ ಕಟ್ಟಿ ನಿಲ್ದಾಣಕ್ಕೆ ಒಯ್ದವಳು ಅಜ್ಜಿ. ಒಮ್ಮೆಯೂ ಇಂಜಿನ್ ಹತ್ತಿದವಳಲ್ಲ. "ಹೆಣ್ಮಕ್ಕಳು ಹತ್ತೂ ಜಾಗ ಅಲ್ಲದು" ಎಂದು ಅಜ್ಜ ನಕ್ಕುಬಿಡುತ್ತಿದ್ದರಂತೆ.

ಅಂದು ಅಜ್ಜಿ ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು, ನನ್ನ ಕೈಗೊಂದು ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ ಕೊಡಿಸಿ ನಿಲ್ದಾಣಕ್ಕೆ ಕರೆದೊಯ್ದಳು. ಇಂಜಿನ್ ಬಂದಾಗ ಕಾಲ ಕೆಳಗಿನ ನೆಲ ನಡುಗಿತು. ಬಿಸಿ ಎಣ್ಣೆ, ಹೊಗೆ, ಒದ್ದೆ ಕಬ್ಬಿಣ ಎಲ್ಲ ಸೇರಿದ ವಾಸನೆ. ಅದರ ಸೀಟಿಗೆ ಬೆಚ್ಚಿ ಗಿರ್ಮಿಟ್ಟನ್ನೆಲ್ಲ ಚೆಲ್ಲಿಬಿಟ್ಟೆ.

ಎದೆಗೆ ಬಿಲ್ಲೆ ಹಚ್ಚಿಕೊಂಡ ಅತಿಥಿಗಳು ಇಂಜಿನ್ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಜ್ಜಿ ಹೋಗಿ ಆ ಸಾಲಿನಲ್ಲಿ ನಿಂತಳು. ಸಾಲು ನೋಡಿಕೊಳ್ಳುತ್ತಿದ್ದ ತರುಣ ಓಡಿಬಂದ.

"ಅಮ್ಮಾರ, ಇದು ಕರೆಸಿದ ಮಂದಿಗಷ್ಟರಿ. ನೀವು ದೂರ ನಿಂತು ನೋಡ್ರಿ."

"ದೂರ ನಿಂತು ಮೂವತ್ತು ವರ್ಷ ನೋಡೇನಿ. ಸಾಕಾಗೇತಿ."

"ಮ್ಯಾಲ ಬೆಂಕಿ ಐತ್ರಿ!"

"ಬೆಂಕಿ ಮುಂದ ಕುಂತಽ ನಿಮ್ಮವ್ವ ನಿನಗ ರೊಟ್ಟಿ ಬಡದಾಳ. ಸರಿ ಅತ್ತಾಗ."

ಮೇಲಿನಿಂದ ಡ್ರೈವರ್ ಖಾದರಸಾಬರು ಇಣುಕಿದರು. ಅಜ್ಜನ ಜೊತೆ ದುಡಿದು ನಿವೃತ್ತರಾಗಿದ್ದ ಅವರನ್ನು ಆ ಎರಡು ದಿನಕ್ಕೆಂದೇ ಕರೆಸಿದ್ದರು.

"ವೈನಿಯವರಽ? ಬರ್ರಿ ಮ್ಯಾಲ!" ಎಂದು ಸ್ವಂತ ಅತ್ತಿಗೆಯನ್ನು ಕರೆಯುವಂತೆ ಕರೆದರು.

ಅಜ್ಜಿ ಸೆರಗು ಸಿಕ್ಕಿಸಿ, ಸರಳು ಹಿಡಿದು ಹತ್ತಿಯೇಬಿಟ್ಟಳು. ಅವಳ ಹಿಂದೆ ನಾನು. ಒಲೆಯ ಬಾಗಿಲು ತೆರೆದಾಗ ಮುಖ ಸುಟ್ಟಂತಾಯಿತು. ಅಜ್ಜಿ ಸಲಿಕೆ ಕೇಳಿದಳು.

"ಭಾಳ ಒಜ್ಜಿ ಐತ್ರಿ."

"ಕೊಡ್ರಿ."

ಮೊದಲ ಸಲಿಕೆ ಅರ್ಧ ಅವಳ ಪಾದದ ಮೇಲೇ ಬಿತ್ತು. ಎರಡನೆಯದು ನೆಟ್ಟಗೆ ಬೆಂಕಿಗೆ ಹೋಯಿತು. ಆಮೇಲೆ ಖಾದರಸಾಬರು ಸೀಟಿಯ ಹಿಡಿ ತೋರಿಸಿದರು. ಅಜ್ಜಿ ಜಗ್ಗಿದವಳು ಬಿಡಲೇ ಇಲ್ಲ. ಇಡೀ ನಿಲ್ದಾಣ ತಿರುಗಿ ನೋಡಿತು. ಅವಳು ನಗಲಿಲ್ಲ, ಅಳಲಿಲ್ಲ. ಹಲ್ಲು ಕಚ್ಚಿ ನಿಂತಿದ್ದಳು.

ಕಿಡಿ ಸಿಡಿದು ಸೀರೆಗೆ ತೂತು ಬಿದ್ದಿತ್ತು. ಮನೆಯಲ್ಲಿ ಕಾಕಾ ರೇಗಿದರು: "ಈ ವಯಸ್ಸಿನ್ಯಾಗ ಹಿಂಗ ಮಾಡಿದ್ರ ಮಂದಿ ಏನಂದಾರು?"

"ಅನ್ನಲಿ," ಎಂದಳು ಅಜ್ಜಿ. ಮುಂದಿನ ಮದುವೆಗೆ ಅದೇ ಸೀರೆಯನ್ನು ತೂತು ಕಾಣುವಂತೆಯೇ ಉಟ್ಟಳು.

ಈಗ ಅಜ್ಜಿ ಇಲ್ಲ, ಖಾದರಸಾಬರೂ ಇಲ್ಲ. ಕಳೆದ ವರ್ಷ ಮಗಳಿಗೆ ತೋರಿಸಲೆಂದು ಅಂಥದ್ದೇ ಒಂದು ಇಂಜಿನ್ ಹತ್ತಿರ ಹೋದೆ. ಹೊಸ ಬಣ್ಣ ಬಳಿದು, ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ಮಗಳು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಅಮ್ಮಾ, ಎಷ್ಟು ತಣ್ಣಗ ಐತಿ!" ಎಂದಳು. ಬಳಿಯಲ್ಲಿದ್ದ ಹಿರಿಯರೊಬ್ಬರು, "ಆ ಹೊಗಿ, ಆ ಮಸಿ ಹೋದದ್ದು ಛಲೋನ ಆತು, ಅಲ್ಲೇನ್ರಿ?" ಎಂದು ನನ್ನನ್ನು ಕೇಳಿದರು.

ನಾನು ಹೂಂ ಅನ್ನಲಿಲ್ಲ.