ಉಂಗುರ ತಿರುಗಲಿಲ್ಲ

ಗಾಜಣ್ಣ ಕಾಲೇಜಿನ ನೆಲಮಾಳಿಗೆಯಲ್ಲಿ ಗಾಜು ಊದಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಯಿತು. ಉರಿಯಲ್ಲಿ ಹಿಡಿದ ಗಾಜನ್ನು ತಿರುಗಿಸುತ್ತಲೇ ಇರಬೇಕು, ಕೈ ನಿಂತರೆ ಅದು ಜೋತುಬೀಳುತ್ತದೆ. ಹಾಗಾಗಿ ತಿರುಗಿಸುವುದು ಅವನ ಕೈಗಂಟಿದ ಚಾಳಿ. ಮನೆಯಲ್ಲಿ ಚಮಚ, ಪೆನ್ನು, ಟಿವಿ ರಿಮೋಟು ಯಾವುದಕ್ಕೂ ಬಿಡುವಿಲ್ಲ. "ನನ್ನೊಬ್ಬಳನ್ನ ಬಿಟ್ಟಿದಾರೆ, ನನ್ನ ಪುಣ್ಯ," ಎನ್ನುತ್ತಾಳೆ ಹೆಂಡತಿ.

ಆ ವಾರ ಪ್ರಯೋಗಾಲಯದ ಮೇಡಂ ಅವನು ಮಾಡಿದ ನಳಿಗೆಯ ಮೇಲೆ ಮುನಿದರು. ಅದರೊಳಗೆ ಒಂದು ಚೂರು ಸೋಡಿಯಂ ಇಟ್ಟು ಕಾಯಿಸಿ, ಎದ್ದ ಆವಿಯ ನಡುವೆ ಹಳದಿ ಲೇಸರ್ ಹಾಯಿಸುತ್ತಾರೆ. ಬೆಳಕು ಮಂದವಿದ್ದರೆ ಆಚೆಯ ಪರದೆಯ ಮೇಲೆ ಒಂದು ಚುಕ್ಕೆ. ಜೋರು ಮಾಡಿದರೋ, ಚುಕ್ಕೆ ಒಡೆದು ಉಂಗುರ, ಅದರ ಸುತ್ತ ಇನ್ನೊಂದು ಉಂಗುರ. ಮೇಡಂಗೆ ಬೇಕಿದ್ದದ್ದು ಚುಕ್ಕೆಯೊಂದೇ.

"ನಿಮ್ಮ ಗಾಜೇ ಡೊಂಕು. ಇನ್ಮೇಲೆ ಹೊರಗಿಂದ ತರಿಸ್ತೀವಿ," ಎಂದು ಮೇಡಂ ಪತ್ರ ಟೈಪ್ ಮಾಡಿಸಿದರು. ಸಹಿ ಬಿದ್ದರೆ ಗಾಜಣ್ಣನ ಉರಿ ಆರಿದಂತೆಯೇ.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ!" ಎಂದು ಹೆಂಡತಿ ಗಂಡನ ಪರ ನಿಂತಳು. ಗಾಜಣ್ಣನಿಗೆ ಮಾತ್ರ ಒಳಗೊಳಗೇ ಅನುಮಾನ. ನೆಲ ನಿಜಕ್ಕೂ ಡೊಂಕಿದ್ದರೆ?

ಮರುದಿನ ಬೆಳಿಗ್ಗೆ ನಳಿಗೆಯನ್ನು ವಾಪಸು ಒಯ್ಯಲು ಮೇಲೆ ಹೋದ. ಲೇಸರ್ ಉರಿಯುತ್ತಿತ್ತು. ಮೇಡಂ ಪತ್ರ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಪರದೆಯ ಮೇಲೆ ಉಂಗುರ, ಬಲಕ್ಕೆ ಕೊಂಚ ಉಬ್ಬಿಕೊಂಡಿತ್ತು. ದಪ್ಪ ಕೈಗವಸು ತೊಟ್ಟು ನಳಿಗೆ ಹಿಡಿದನಷ್ಟೇ, ಕೈ ಸುಮ್ಮನಿರಬೇಕಲ್ಲ, ತಿರುಗಿಸಿಯೇಬಿಟ್ಟಿತು.

"ಅಯ್ಯೋ, ಏನ್ರೀ ಮಾಡ್ತಿದೀರಾ!"

ಗಾಜಣ್ಣನ ಕಣ್ಣು ಪರದೆಯಲ್ಲಿ ನೆಟ್ಟಿತ್ತು. "ಮೇಡಂ, ನಾನು ತಿರುಗಿಸಿದ್ರೂ ಆ ಉಬ್ಬು ಬಲಕ್ಕೇ ಇದೆಯಲ್ಲ? ಗಾಜಿನ ತಪ್ಪಾಗಿದ್ರೆ ಅದೂ ಜೊತೆಗೆ ತಿರುಗ್ಬೇಕಿತ್ತು."

ಮೇಡಂ ಎದ್ದುಬಂದು, ಕೈಗವಸು ತೊಟ್ಟು ತಾವೇ ತಿರುಗಿಸಿ ನೋಡಿದರು. ಉಬ್ಬು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ನಳಿಗೆಯನ್ನು ಕಾಯಿಸುತ್ತಿದ್ದ ಕುಲುಮೆ ಆರಿಸಿದರು. ನಳಿಗೆ ತಣ್ಣಗಾಗುತ್ತ ಆವಿ ಇಳಿಯಿತು. ಅದೇ ಗಾಜು, ಅಷ್ಟೇ ಜೋರಿನ ಬೆಳಕು, ಆದರೂ ಉಂಗುರಗಳು ಒಂದೊಂದಾಗಿ ಕುಗ್ಗಿ ಚುಕ್ಕೆಯೊಂದೇ ಉಳಿಯಿತು.

"ಇದು ಆವಿಯ ಆಟ!" ಮೇಡಂ ನಗತೊಡಗಿದರು. "ಬೆಳಕು ಜೋರಾದ್ರೆ ಆವಿನೇ ಮಸೂರ ಆಗುತ್ತೆ, ಬೆಳಕು ತನ್ನ ದಾರೀನ ತಾನೇ ಬಗ್ಗಿಸ್ಕೊಳ್ಳುತ್ತೆ. ಓದಿದ್ದೆ ಕಣ್ರೀ, ಕಣ್ಣೆದುರಿಗೆ ಬಂದಾಗ ಗುರುತೇ ಸಿಗಲಿಲ್ಲ. ತಪ್ಪಾಯ್ತು ಗಾಜಣ್ಣ."

ಪತ್ರವನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲೆ ನಾಲ್ಕು ಹೊಸ ನಳಿಗೆಗಳ ಅಳತೆ ಬರೆದರು. "ಇದಕ್ಕಿಂತ ಉದ್ದಕ್ಕೆ ಮಾಡೋಕಾಗುತ್ತಾ?"

"ಹ್ಞೂಂ," ಎಂದ ಗಾಜಣ್ಣ. ಮೇಡಂ ಕೆಳಗಿಟ್ಟ ಪೆನ್ನು ಆಗಲೇ ಅವನ ಕೈಯಲ್ಲಿ ತಿರುಗುತ್ತಿತ್ತು.